ಉಪ್ಪು ಹೂತ ಮಡಕೆ

ಸೊಸೈಟಿಯವರು ಬಿಟ್ಟುಹೋದ ಗೊಬ್ಬರದ ಗೋದಾಮು ಇದು.
ಗೋಡೆಯ ಮೇಲೆ ಯೂರಿಯಾದ ಹಳೇ ದರ ಇನ್ನೂ ಇದೆ.
ಅದರ ಕೆಳಗೆ ನಮ್ಮ ಮೂರು ತಿಗರಿ,
ಒಂದಕ್ಕೆ ಮೋಟರು, ಅದೂ ಕರೆಂಟಿದ್ದರೆ.
ಅಂಕೋಲೆಯ ಕಡೆ ಅದಿರಿನ ಲಾರಿ ಇಳಿದಾಗೆಲ್ಲ ಓಡಿಹೋಗಿ
ಹಸಿ ಬಾಯಿಗಳ ಮೇಲೆ ಗೋಣಿತಾಟು ಎಳೆಯಬೇಕು.

ಲೆಕ್ಕ ಬರೆಯುವವಳು ನಾನು.
ಸಿದ್ದಿಯರು ಹನ್ನೊಂದು ಜನ, ಗುನಗ ಒಬ್ಬ.
ಶುಕ್ರವಾರ ತಡವಾಗಿ ಬರುವವಳು ಹಜರತಬಿ,
ಭಾನುವಾರ ಬಾರದವಳು ನತಾಲಿನ.
ಹಿರಿಯರಿಗೆ ಎಡೆ ಇಡುವ ದಿನ
ಯಾರೂ ಬರುವುದಿಲ್ಲ.

ಬೊಮ್ಮ ಗುನಗ ಮೊದಲ ದಿನವೇ ಹೇಳಿದ:
'ನಿಮ್ಮವರನ್ನು ನನ್ನಪ್ಪ ಆವಿಗೆಯ ಹತ್ತಿರ ಬಿಡುತ್ತಿರಲಿಲ್ಲ.'
ಹೇಳಿ, ನಮ್ಮ ತಂಬಿಗೆ ಇಸಕೊಂಡು
ಗಟಗಟ ನೀರು ಕುಡಿದ.
ಆಮೇಲೆ ಆ ಮಾತು ಬರಲಿಲ್ಲ. ಬೈಗುಳ ಬಂತು, ದಂಡಿಯಾಗಿ:
'ಹಾಗೆ ಹಿಂಡ್ತೀರಲ್ಲ, ಮಣ್ಣೇನು ಒದ್ದೆ ಲಂಗವಾ?'

ನಮ್ಮ ಕೈಗೆ ಗೊತ್ತಿದ್ದದ್ದು ಕವದಿ ಒಂದೇ.
ಹರಿದ ಸೀರೆ, ಸತ್ತವರ ಅಂಗಿ,
ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರುವ ಹೊಲಿಗೆ,
ನಾಲ್ಕು ಮೂಲೆಗೆ ನಾಲ್ಕು ಮಡಿಕೆ ಹೂವು.
ಹೂವಿಲ್ಲದ ಕವದಿ ಬತ್ತಲೆ ಎನ್ನುತ್ತಾರೆ ಹೆಂಗಸರು.
ಮಡಕೆಗೆ ಮೂಲೆಯೇ ಇಲ್ಲವಲ್ಲ!
ಶಿವಿ ಮೂರು ದಿನ ಸುಮ್ಮನೆ ಕೂತಳು.
ನಾಲ್ಕನೇ ದಿನ ಮಣ್ಣನ್ನೇ ಬಟ್ಟೆಯಂತೆ ತಟ್ಟಿ, ಮಡಚಿ
ಕಂಠದ ಸುತ್ತ ಅಂಟಿಸಿದಳು.
'ಹೊತ್ತರೆ ಸೊಂಟಕ್ಕೆ ಚುಚ್ಚುತ್ತದೆ' ಅಂದ ಗುನಗ.
ಚುಚ್ಚಲಿ, ಅಂದಳು.

ಅದೇ ಮಣ್ಣು, ಅದೇ ಬೆಂಕಿ.
ಗಾಳಿಯಾಡಲು ಬಿಟ್ಟರೆ ಕೆಂಪು,
ಹೊಟ್ಟು ತುಂಬಿ ಬಾಯಿ ಮುಚ್ಚಿದರೆ
ಒಳಗೇ ಉಳಿದ ಹೊಗೆಗೆ ಕಪ್ಪು.
ಕಾರವಾರದ ಅಂಗಡಿಗೆ ಕೆಂಪು ಬೇಕು, ಹೂಕುಂಡಕ್ಕೆ.
ಕೆಂಪು ನಲವತ್ತು, ಕಪ್ಪು ಎರಡು.
ಆ ಎರಡು ಯಾರಿಗೆಂದು ಪುಸ್ತಕದಲ್ಲಿ ಬರೆದಿಲ್ಲ.
ಆದರೆ ಮುಚ್ಚುವ ರಾತ್ರಿ ಮನೆಗೆ ಹೋಗುವವರು ಯಾರಿಲ್ಲ.
ಇನಾಸ ತನ್ನ ದಮಾಮಿಯನ್ನು ಆವಿಗೆಗೆ ಒರಗಿಸುತ್ತಾನೆ,
ಸಡಿಲು ಚರ್ಮ ಬಿಸಿಗೆ ಬಿಗಿಯಲೆಂದು.
ಅದು ಬಿಗಿಯುವ ತನಕ ಮಾತಿಲ್ಲ.
ಬಿಗಿದ ಮೇಲೆ
ಯಾರ ಮಾತೂ ಕೇಳಿಸುವುದಿಲ್ಲ.

ಈ ಸಲದ ಮಣ್ಣು ಗಜನಿಯದು.
ಕಗ್ಗ ಬೆಳೆಯುವುದು ಬಿಟ್ಟ ಗದ್ದೆ, ಏಡಿಯ ತೂತುಗಳು,
ಅಲ್ಲಿಂದ ಟೆಂಪೋದಲ್ಲಿ ತಂದೆವು.
ಮೂರು ನೀರು ತೊಳೆಯಿರಿ ಎಂದಿದ್ದ ಗುನಗ.
ನಾವು ತೊಳೆದದ್ದು ಎರಡು. ನಿಜ ಹೇಳಬೇಕಲ್ಲ.
ಸುಟ್ಟು ತೆಗೆದ ಐದನೇ ದಿನ
ಶಿವಿಯ ಕಪ್ಪು ಮಡಕೆಯ ಮೈಮೇಲೆ
ಬೆಳ್ಳಗೆ ಏನೋ ಹೂತಿತ್ತು,
ನರೆ ಬಂದ ಗುಂಗುರುಗೂದಲ ಹಾಗೆ.

'ದೋಷ' ಅಂದ ಗುನಗ.
ಪುತ್ಳಿ ಅಜ್ಜಿ ಕೋಲೂರಿ ಬಂದಳು,
ಬಗ್ಗಿ, ನಾಲಿಗೆ ತಾಗಿಸಿ ನೋಡಿದಳು.
ಸಮುದ್ರಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸು.
ನೂರು ಸಲ ಕರೆದಿದ್ದೇವೆ, ಬಂದಿಲ್ಲ.
'ನಮ್ಮನ್ನು ಹೊತ್ತು ತಂದದ್ದು ಅದೇ.
ಮುಖ ಕಂಡರೆ ಗುರುತು ಹಿಡಿದೀತು.'
ಹಿಡಿದರೆ ಏನಾಯಿತು, ಊರಿಗೆ ಮುಟ್ಟಿಸೀತು,
ನಗಾಡಿದ್ದಳು ನತಾಲಿನ.
ಯಾವ ಊರಿಗೆ, ಎಂದು ಅಜ್ಜಿ ಕೇಳಿದ ಮೇಲೆ
ಯಾರೂ ನಗಲಿಲ್ಲ.

ಈಗ ಅಜ್ಜಿ ಮಡಕೆ ಬಿಡುತ್ತಿಲ್ಲ.
ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟೆ, ಎರಡು ದಿನಕ್ಕೆ ಮತ್ತೆ ಹೂತಿತು.
ಒರೆಸಬೇಡ ಅಂದಳು.
ಹಿರಿಯರ ಮೂಲೆಯಲ್ಲಿ, ತೆಂಗಿನಕಾಯಿಗಳ ಪಕ್ಕ
ಗೋಡೆಗೆ ತಾಗದಂತೆ ಇಟ್ಟುಕೊಂಡಿದ್ದಾಳೆ.

ಪುಸ್ತಕದಲ್ಲಿ ಬರೆದೆ: ಕಪ್ಪು, ಒಂದು. ಉಪ್ಪು ಬಿಟ್ಟಿದೆ. ಕೊಟ್ಟದ್ದು.
ಗುನಗ ಓದಿಸಿಕೊಂಡು ಕೇಳಿದ,
'ಕೊಟ್ಟದ್ದು' ಹೊಡೆದುಹಾಕು ಅಂದ. ಯಾಕೆಂದು ಹೇಳಲಿಲ್ಲ.
ಹೊರಗೆ ಮತ್ತೆ ಲಾರಿಯ ಸದ್ದು. ಗೋಣಿತಾಟು ಎಲ್ಲಿ?
ನಾಳೆಯ ಹಸಿ ಕುಂಡಗಳಿಗೆ
ತೂತು ಕೊರೆಯುವುದು ಇನ್ನೂ ಬಾಕಿ.