ನಾಲ್ಕು ಅಂಕದ ಪ್ರಶ್ನೆ

ಹಿರೇಬೆಣಕಲ್ಲಿನ ಹೈಸ್ಕೂಲು, ಒಂಬತ್ತನೇ ತರಗತಿ,
ಮಧ್ಯಾಹ್ನದ ಮೊದಲ ತಾಸು.
ಬಿಸಿಯೂಟದ ಸಾರಿನ ವಾಸನೆ ಇನ್ನೂ ಅಂಗೈಯಲ್ಲಿತ್ತು.
ಕರಿಹಲಗೆಯ ಮೇಲೆ ಬರೆದೆ:
ಗಾಲ್.

ಹಿಂದಿನ ಬೆಂಚು ಕಿಸಕ್ಕೆಂದಿತು.
ಹುಲಿಗೆಮ್ಮ ಎದ್ದು ನಿಂತು ಕೇಳಿಯೇಬಿಟ್ಟಳು:
‘ಸರ, ನಮ್ಮ ಗಾಳೆಪ್ಪನ ಮಂದಿ ಏನ್ರಿ?’
ಅಂದಿನಿಂದ ಅವನು ಗಾಲ್.
ಕಬಡ್ಡಿಯಲ್ಲಿ ಗಾಲ್, ನಳದ ಮುಂದೆ ಗಾಲ್,
ಹಾಜರಿಯಲ್ಲಿ ನಾನೂ ಒಮ್ಮೆ ಬಾಯಿತಪ್ಪಿ ಕರೆದೆ.
‘ಎಸ್ಸಾರ್’ ಅಂದ.

ಪಾಠ ಹೇಳಿದೆ. ಏಳು ಗುಡ್ಡದ ಊರೊಂದರಿಂದ
ಕಬ್ಬಿಣದ ಟೊಪ್ಪಿಗೆಯ ದಂಡು ಹೊರಟಿತು,
ಹೊಳೆ ದಾಟಿತು, ಹಿಮ ದಾಟಿತು,
ಓಕ್ ಮರದ ಕಾಡು ಕಡಿದು ನೆಟ್ಟಗೆ ರಸ್ತೆ ಎಳೆಯಿತು.
ಎಂಟು ವರ್ಷ.
ಎಷ್ಟು ಮಂದಿ ಸತ್ತರು ಎಂಬುದನ್ನು
ಕೊಂದವನೇ ಎಣಿಸಿ ಬರೆದಿಟ್ಟ,
ಹೊಲ ಒತ್ತಿಕೊಂಡವನೇ ಪಹಣಿ ಬರೆದ ಹಾಗೆ.

‘ಸೋತವ್ರು ಏನ ಬರದಾರ್ರಿ ಸರ?’
ಗಾಳೆಪ್ಪನ ದನಿ.
ಬರೆಯಲಿಲ್ಲಪ್ಪ. ಅವರ ಗುರುಗಳ ಪಂಥದಲ್ಲಿ
ವಿದ್ಯೆ ಬರೆಯಬಾರದು. ಇಪ್ಪತ್ತು ವರ್ಷ ಬಾಯಿಪಾಠ,
ಗಿಡದ ಕೆಳಗೆ ಕೂತು.
ಗುರುಗಳು ಹೋದರು, ಗಿಡಗಳೂ ಹೋದವು.
‘ಮತ್ತ ಇದನ್ನ ನಿಮಗ ಯಾರು ಹೇಳ್ಯಾರ್ರಿ?’
ಗೆದ್ದವರು, ಅಂದೆ.
ಗಂಟೆ ಬಾರಿಸಿದ್ದು ಪುಣ್ಯ.

ಆಯ್ತವಾರ ಮಕ್ಕಳನ್ನು ಕಟ್ಟಿಕೊಂಡು ಮೊರೇರ ಗುಡ್ಡ ಹತ್ತಿದೆ.
ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ,
ಗೋಡೆಗೊಂದು ದುಂಡನೆ ಕಿಂಡಿ.
ಒಳಗೆ ಯಾರ ಎಲುಬೂ ಉಳಿದಿಲ್ಲ;
ಬೀಡಿ ತುಂಡು, ಹಾವಿನ ಪೊರೆ, ಬಿಯರ್ ಬಾಟಲಿಯ ತಳ.
ಹುಲಿಗೆಮ್ಮ ಕಿಂಡಿಯಲ್ಲಿ ತಲೆ ತೂರಿಸಿ
‘ಯಾರದೀರಿ?’ ಎಂದು ಕೂಗಿದಳು.
ಅವಳ ದನಿಯೇ ದಪ್ಪಗಾಗಿ ಹೊರಬಂತು.

ಗಾಳೆಪ್ಪ ಹೇಳಿದ, ಅವನ ಅವ್ವನ ಅವ್ವ ಹೇಳಿದ್ದು:
ಮೊರೇರು ಮೂರು ಮೊಳದ ಮಂದಿ,
ಕಲ್ಲನ್ನ ಅರಳಿಯಂಗ ಎತ್ತತಿದ್ರು,
ಒಂದಿನ ಬೆಂಕಿ ಮಳಿ ಬಿತ್ತು,
ಈ ಮನಿಯೊಳಗ ಹೊಕ್ಕರು, ಹೊರಗ ಬರಲಿಲ್ಲ.
‘ಮೊರೇರು ಅಂತ ಅವರ ಅನಕೊಂಡಿದ್ರೇನ್ರಿ ಸರ?’

ಕೊಪ್ಪಳದ ಗವಿಮಠದ ಬಂಡೆ ನೆನಪಾಯಿತು,
ಪಾಟಲಿಪುತ್ರದ ಅರಸೊತ್ತಿಗೆಯ ಅಕ್ಷರ
ಓದಲು ಬಾರದ ಊರಿನ ಬೆನ್ನ ಮೇಲೆ ಕೊರೆದದ್ದು.
ಮೌರ್ಯರು. ಮೊರೇರು.
ಸತ್ತವರ ಮನೆಗೆ ಬಂದವರ ಹೆಸರೇ ಅಂಟಿತೋ,
ಬರಿ ನಾಲಗೆಯ ತೊಡಕೋ,
ಗೊತ್ತಿಲ್ಲ, ಅಂದೆ. ಹದಿನೆಂಟು ವರ್ಷದ ನೌಕರಿಯಲ್ಲಿ
ಆ ಮಾತು ಅಷ್ಟು ಹಗುರಾಗಿ ಬಂದದ್ದು ಅದೇ ಮೊದಲು.

ತುದಿಯಲ್ಲಿ ನಗಾರಿ ಗುಂಡು.
ಗಾಳೆಪ್ಪ ಕಲ್ಲೆತ್ತಿ ಕಲ್ಲಿಗೆ ಹೊಡೆದ.
ಕೆಳಗೆ ಭತ್ತದ ಗದ್ದೆಯಿಂದ ಬೆಳ್ಳಕ್ಕಿ ಎದ್ದವು.
ಏನೆಂದು ಬಾರಿಸುತ್ತಿದ್ದರು ಇದನ್ನು?
ದಂಡು ಬಂತು ಎಂದೋ, ಮಳೆ ಬಂತು ಎಂದೋ,
ಕತ್ತಲಾಯಿತು, ಉಣ್ಣಲು ಬಾ ಎಂದೋ?

ಅರ್ಧವಾರ್ಷಿಕ ಪರೀಕ್ಷೆ. ತಾಲೂಕಿನಿಂದ ಬಂದ ಪ್ರಶ್ನೆ:
‘ಕೆಲ್ಟರಿಗೆ ರೋಮನ್ನರ ಕೊಡುಗೆಗಳಾವುವು?’ ಅಂಕ ನಾಲ್ಕು.
ಮಾದರಿ ಉತ್ತರವೂ ಬಂದಿತ್ತು:
ರಸ್ತೆ, ಸ್ನಾನಗೃಹ, ಕಾನೂನು, ದ್ರಾಕ್ಷಿ.
ಮೂವತ್ತೊಂದು ಮಂದಿ ಅದನ್ನೇ ಬರೆದಿದ್ದರು,
ಹುಲಿಗೆಮ್ಮ ‘ಸಾನಗುರುಹ’ ಎಂದು.
ಗಾಳೆಪ್ಪನದು ಒಂದೇ ಪದ: ಹೆಸರು.
ಕೆಳಗೆ, ಹೊಡೆದು ಹಾಕಿದ ಇನ್ನೊಂದು ಸಾಲು,
ಬೆಳಕಿಗೆ ಹಿಡಿದರೆ ಕಾಣುತ್ತದೆ:
ಕರದ್ರ ಓ ಅಂತಾರ.

ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಹೊರಗೆ ಗ್ರಾನೈಟ್ ಲಾರಿಗಳು
ನೆಟ್ಟಗಿನ ಹೊಸ ರಸ್ತೆಯಲ್ಲಿ.
ಬಹಳ ಒಳ್ಳೆಯ ರಸ್ತೆ. ಸುಳ್ಳೇಕೆ,
ಹೊಟ್ಟೆನೋವೆಂದು ಒದ್ದಾಡಿದ ಮಗಳನ್ನು
ಗಂಗಾವತಿಯ ದವಾಖಾನೆಗೆ ರಾತ್ರೋರಾತ್ರಿ ಮುಟ್ಟಿಸಿದ್ದು ಇದೇ.
ಅದಕ್ಕೆ ಒಂದು ಅಂಕ, ಎನ್ನುತ್ತದೆ ಮಾದರಿ ಉತ್ತರ.

ನಾಳೆ ಹಾಜರಿಯಲ್ಲಿ ಪೂರ್ತಿ ಓದುತ್ತೇನೆ:
ಗಾಳೆಪ್ಪ ಯಮನಪ್ಪ ಕಡೇಮನಿ.
ಓ ಅನ್ನುತ್ತಾನೋ, ಇಲ್ಲವೋ.