ಬರೆ

ಮ್ದಾಂತ್ಸಾನೆಯ ಟ್ಯಾಕ್ಸಿ ನಿಲ್ದಾಣದ ಹಿಂದೆ
ಹದಿನೇಳು ತಿಂಡಿ ಅಂಗಡಿ. ನನ್ನ ಪಾಲಿಗೆ ಗುರುವಾರ.
ಚೀಲದಲ್ಲಿ ಟಾರ್ಚು, ಥರ್ಮಾಮೀಟರು,
ಕಾರ್ಬನ್ ಹಾಳೆಯ ಪುಸ್ತಕ, ತಲೆಗೊಂದು ಬಲೆ.
ಬಲೆ ಹಾಕಿಕೊಂಡ ಕೂಡಲೆ ನಾನ್ಯಾರೆಂದು ಊರಿಗೇ ಗೊತ್ತು;
ಮೊದಲ ಅಂಗಡಿಯಲ್ಲಿ ನಾನು ಬಗ್ಗಿ ನೆಲ ನೋಡುವಷ್ಟರಲ್ಲಿ
ಕೊನೆಯ ಅಂಗಡಿಯ ನೆಲ ಒದ್ದೆ.

ಬೈಯುವುದಿಲ್ಲ. ನೆಂಟರು ಬಂದರೆ ನಾನೂ ಹಾಗೇ.

ಪ್ರತಿ ಫ್ರಿಜ್ಜಿನ ಬಾಗಿಲಿಗೂ ದಾರ ಕಟ್ಟಿದ ಒಂದು ಪುಸ್ತಕ.
ದಿನಕ್ಕೆರಡು ಸಲ ಒಳಗಿನ ಶಾಖ ನೋಡಿ ಬರೆಯಬೇಕು.
ಬರೆಯುತ್ತಾರೆ: ನಾಲ್ಕು, ನಾಲ್ಕು, ನಾಲ್ಕು,
ಇಡೀ ತಿಂಗಳು ಒಂದೇ ಪೆನ್ನು, ಒಂದೇ ಓರೆ,
ಒಂದೇ ಕೂತಲ್ಲಿ ಕೂತು ಬರೆದ ನಾಲ್ಕು.
ಒಬ್ಬನಂತೂ ನಾಳೆಯದನ್ನೂ ಬರೆದಿಟ್ಟಿದ್ದ.
ಕರೆಂಟು ಹೇಳದೆ ಕೇಳದೆ ಹೋಗುವ ಊರಲ್ಲಿ
ಈ ನಾಲ್ಕು ಮಾತ್ರ ಅಲುಗುವುದಿಲ್ಲ.
ನಾನು ಹೋದ ಗಳಿಗೆಯಲ್ಲಿ ಕರೆಂಟು ಇದ್ದರೆ
ನನ್ನ ಥರ್ಮಾಮೀಟರೂ ನಾಲ್ಕೆನ್ನುತ್ತದೆ.
ಟಿಕ್ ಹಾಕುತ್ತೇನೆ. ಮುಂದಿನ ಅಂಗಡಿ.

ನೋಝುಕೊಳದು ಹನ್ನೊಂದನೆಯದು.
ಅಮಗ್ವಿನ್ಯ, ಕರಿದ ಹೇಕ್ ಮೀನು, ಕೇಳಿದವರಿಗೆ ಅಚಾರು
(ಯಾವ ಕಾಲದಲ್ಲಿ ಯಾವ ಹಡಗಿನಿಂದ ಇಳಿದ ಹೆಸರೋ).
ಕಾದ ಎಣ್ಣೆಯಲ್ಲಿ ಹಿಟ್ಟಿನುಂಡೆ ತಾನೇ ಮಗುಚಿಕೊಳ್ಳುತ್ತದೆ,
ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿದ ಹಾಗೆ.
ಮೊಣಕೈವರೆಗೆ ಅವಳ ಕೈತುಂಬ ಬರೆ,
ಹಳೆಯವು ಬೂದಿಬಣ್ಣ, ಒಂದು ಇನ್ನೂ ಕೆಂಪು.
ಕೈ ತೊಳೆಯುವ ತೊಟ್ಟಿ? ಇದೆ. ಸೋಪು? ಇದೆ.
ಅರ್ಹತಾಪತ್ರ? ಗೋಡೆಯ ಮೇಲೆ, ಗಾಜಿನೊಳಗೆ,
ಬೇರೆಯವರ ಮನೆಯಲ್ಲಿ ಮದುವೆ ಫೋಟೋ ಇರುವ ಎತ್ತರದಲ್ಲಿ.

ಆಮೇಲೆ ಪುಸ್ತಕ ತೆರೆದೆ.
ಸೋಮವಾರ ನಾಲ್ಕು. ಸಂಜೆ ಐದು.
ಮಂಗಳವಾರ ಬೆಳಗ್ಗೆ ಆರು, ಪಕ್ಕದಲ್ಲಿ ಸಣ್ಣಗೆ:
ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ತಪ್ಪು ನನ್ನದು.
ಬುಧವಾರ ಒಂಬತ್ತು.
ಕರೆಂಟು ಎರಡಕ್ಕೆ ಹೋಯಿತು, ಆರೂವರೆಗೆ ಬಂತು.
ಹನ್ನೊಂದು ಕಿಲೋ ಮೀನು ಎಸೆದೆ.
ಬ್ಲೀಚ್ ಸುರಿದು ಎಸೆದೆ, ಯಾರೂ ಎತ್ತಿಕೊಂಡು ತಿನ್ನದಿರಲಿ ಅಂತ.
ತಿದ್ದಿದ ಗುರುತಿಲ್ಲ. ಒಂಬತ್ತರ ಹೊಟ್ಟೆ ದುಂಡಗೆ.

ನನ್ನ ಹಾಳೆಯಲ್ಲಿ ಕಾಲಂ ಏಳು:
ಐದು ಡಿಗ್ರಿ ಮೀರಿದ ದಾಖಲೆ ಇದೆಯೆ?
ಇದೆ. ಅವಳ ಕೈಬರಹದಲ್ಲೇ ಇದೆ.
ಎಸೆದ ಮೀನಿಗೆ ಕಾಲಂ ಇಲ್ಲ.

"ಇದನ್ನೆಲ್ಲ ಯಾಕೆ ಬರೆದೆ?"
ಮಾತು ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆ,
ಎಂಟು ವರ್ಷ ಇದೇ ಸಾಲಿನಲ್ಲಿ ನಿಂತು
ಬರೆಯಿರಿ, ಬರೆಯಿರಿ ಎಂದವಳು.
ಅವಳು ಜಾಲರಿ ಸೌಟು ಕೆಳಗಿಡಲಿಲ್ಲ:
"ನೀವೇ ಅಂದಿರಲ್ಲ, ಸಿಸಿ, ಬರೆ ಅಂತ."

ಬರೆ ಎಂದೆ. ಬರೆದಳು.
ಈಗ ಆ ಬರೆದದ್ದನ್ನೇ ಕಾಯಿಸಿ
ಬರೆ ಎಳೆಯಬೇಕಾದ ಕೈ ನನ್ನದು.
ಎಂಟುನೂರು ರ‍್ಯಾಂಡ್, ಹದಿನಾಲ್ಕು ದಿನದ ಗಡುವು.
ಅಂಚಿನ ಖಾಲಿ ಜಾಗದಲ್ಲಿ "ಮೀನು ಎಸೆದಿದ್ದಾಳೆ" ಎಂದು ಬರೆದೆ;
ಒತ್ತಿ ಬರೆದರೂ ಮೂರನೆಯ ಪ್ರತಿಗೆ ಇಳಿಯಲಿಲ್ಲ,
ಆಫೀಸಿಗೆ ಹೋಗುವುದು ಮೂರನೆಯ ಪ್ರತಿ.
ಅವಳು ಸಹಿ ಹಾಕಿದಳು.
ಹಾಳೆಯ ಮೇಲೆ ಎಣ್ಣೆಯ ಹೆಬ್ಬೆಟ್ಟು ಅರಳಿಕೊಂಡಿತು.

ಹೋದ ಗುರುವಾರ ಮತ್ತೆ ಹೋದೆ.
ಮೀನಿಲ್ಲ. ಹಲಗೆಯಲ್ಲಿ ಆ ಸಾಲಿನ ಮೇಲೆ ಸುಣ್ಣದ ಗೀಟು.
ಫ್ರಿಜ್ಜಿನಲ್ಲಿ ಆರು ಬಾಟಲಿ ಕಿತ್ತಳೆ ಪಾನಕ,
ಕೆಳಗಿನ ಅರೆ ಬರಿದು.
ಪುಸ್ತಕ ಅಲ್ಲೇ ಇದೆ, ದಾರ ಹೊಸದು.
ನಾಲ್ಕು. ನಾಲ್ಕು. ನಾಲ್ಕು. ನಾಲ್ಕು.
ನಿಜವೇ ಇರಬಹುದು.
ಥರ್ಮಾಮೀಟರು ಚೀಲದೊಳಗೇ ಇತ್ತು,
ತೆಗೆಯಲಿಲ್ಲ.