ಆರು ವಾರಕ್ಕೊಂದು ಚೀಟಿ

ಏಮೆಲಿ,
ಇದನ್ನು ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆಯುತ್ತಿದ್ದೇನೆ,
ಅಕ್ಷರ ಸೊಟ್ಟಗಿದ್ದರೆ ನನ್ನ ಸೊಂಟವನ್ನು ಬೈದುಕೋ.
ಸೋಮವಾರ ಔಲುವಿನ ಆಸ್ಪತ್ರೆಯಲ್ಲಿ ಹೊಸ ಕೀಲು ಕೂರಿಸುತ್ತಾರಂತೆ.
ಆರು ವಾರ.
ಆಮೇಲೆ ನಾನು ಬಾಗಿಲಲ್ಲಿ ನಿಂತಾಗ
ನಪ್ಪು ಕುಣಿಯುತ್ತಾನೆ,
ಹೀವಾ ಗುರುತೇ ಇಲ್ಲದವಳಂತೆ ಬೆನ್ನು ತಿರುಗಿಸುತ್ತಾಳೆ.

ಮೊದಲು ಚಳಿ.
ಕೆಮಿಯ ಸೂರ್ಯ ಈಗ ಹನ್ನೊಂದಕ್ಕೆ ಏಳುತ್ತಾನೆ,
ಒಂದೂವರೆಗೆಲ್ಲ ಸಾಕಪ್ಪಾ ಎಂದು ಹೊರಡುತ್ತಾನೆ.
ಉಳಿದ ಹೊತ್ತಿಗೆ ನೀವಿಬ್ಬರೇ ಬೆಳಕು:
ನಿನ್ನ ತೋಳಿಗೊಂದು, ಅವನ ಕೊರಳಿಗೊಂದು
ಮಿನುಗುಪಟ್ಟಿ ಕಟ್ಟದೆ ಹೊಸ್ತಿಲು ದಾಟಬೇಡ.
ರಸ್ತೆಗೆ ಸುರಿದ ಉಪ್ಪು ಬೆರಳ ಸಂದಿಯಲ್ಲಿ ಉರಿಯುತ್ತದೆ.
ಬಂದೊಡನೆ ಬೆಚ್ಚನೆಯ ನೀರು, ನಾಲ್ಕೂ ಪಾದ.
ಮೂರಕ್ಕೇ ಮುಗಿಯಿತೆಂದು ನಟಿಸುತ್ತಾನೆ,
ನಂಬಬೇಡ.

ಮೈನಸ್ ಇಪ್ಪತ್ತಕ್ಕಿಳಿದರೆ ಹೊರಗೆ ಹತ್ತೇ ನಿಮಿಷ.
ಉಳಿದ ಓಟ ನಮ್ಮ ಮೆಟ್ಟಿಲ ಮೇಲೆ, ಎರಡನೇ ಮಹಡಿವರೆಗೆ.
ಆಮೇಲೆ ಹಳೇ ಟವೆಲಿನಲ್ಲಿ ಒಣಮೀನಿನ ಚೂರು ಸುತ್ತಿ
ಎಲ್ಲಾದರೂ ಬಚ್ಚಿಡು.
ಕಾಲು ನಡೆಯದ ದಿನ ಮೂಗಾದರೂ ನಡೆಯಬೇಕು.
ಮಂಚದ ಮೇಲೆ ನಾನೂ ಅದನ್ನೇ ಮಾಡುತ್ತಿರುತ್ತೇನೆ,
ಇವತ್ತೇನು ಅಡುಗೆ ಎಂದು ಮೂಸುತ್ತ.

ಹೀವಾ ಎಂದರೆ ಹುದುಗು,
ಬೆಚ್ಚಗಿದ್ದಲ್ಲಿ ಉಬ್ಬುವವಳು.
ನೂಲಿಗೆ ಗರಿ ಕಟ್ಟಿ ಸಂಜೆ ಕಾಲು ಗಂಟೆ ಓಡಿಸು,
ಕೊನೆಗೊಮ್ಮೆ ಸಿಗಲಿ ಅವಳಿಗೆ.
ಸಿಗದ ಬೇಟೆ ರಾತ್ರಿಯಿಡೀ ಪರದೆ ಪರಚುತ್ತದೆ.
ನೂಲನ್ನು ಮರೆಯದೆ ಕಪಾಟಿಗೆ ಹಾಕು, ನುಂಗಿಬಿಟ್ಟಾಳು.
ನಿಮ್ಮಪ್ಪ ಕಾರು ಶುರು ಮಾಡುವ ಮುನ್ನ
ಬಾನೆಟ್ಟಿಗೆ ಮೂರು ಸಲ ಬಡಿಯಲಿ,
ಬಿಸಿ ಎಂಜಿನ್ನಿನ ಮೇಲೆ ಯಾರ ಬೆಕ್ಕೂ ಮಲಗಿರಬಹುದು.
ಯಾಕಿಷ್ಟು ಎಂದರೆ
ಹಿಲ್ಲೆವಿ ಒಮ್ಮೆ ಬಡಿದಿರಲಿಲ್ಲ ಅನ್ನು.
ಅಷ್ಟು ಸಾಕು.

ಏಪ್ರಿಲಿನಲ್ಲಿ ಕಡಲ ಮೇಲಿನ ಮಂಜುಗಡ್ಡೆ
ಸುಳ್ಳು ಹೇಳಲು ಕಲಿಯುತ್ತದೆ:
ಮೇಲೆ ಬಿಳುಪು, ಒಳಗೆಲ್ಲ ಜೇನುಗೂಡು.
ಗಾಳ ಹಿಡಿದ ಮುದುಕರು ಹೋದರೆಂದು ನೀನು ಹೋಗಬೇಡ,
ಅವರ ಲೆಕ್ಕ ಬೇರೆ.
ಈಸ್ಟರಿಗೆ ಯಾರಾದರೂ ಲಿಲ್ಲಿ ಹೂ ತಂದುಕೊಟ್ಟರೆ
ಚೆಂದವಿದೆ ಎಂದು ಹೇಳಿ, ಅವರ ಕೈಗೇ ವಾಪಸು ಕೊಡು.
ಅದರ ಪುಡಿ ಮೈಗಂಟಿ, ನೆಕ್ಕಿಕೊಂಡರೂ ಸಾಕು,
ಬೆಕ್ಕು ಉಳಿಯುವುದು ಕಷ್ಟ.

ಜೂನಿನಲ್ಲಿ ಇರುಳೇ ಇಲ್ಲ,
ಕಪ್ಪು ಪರದೆ ಎಳೆದು ನಾವೇ ಮಾಡಿಕೊಳ್ಳಬೇಕು.
ಡಾಂಬರಿಗೆ ಕೈಯ ಹಿಂಬದಿಯಿಟ್ಟು ಏಳು ಎಣಿಸು,
ನಿನಗೆ ತಾಳದ್ದು ಅವನ ಪಾದಕ್ಕೂ ತಾಳದು.
ದಡದ ನೀರು ಗುರುವಾರದ ಬಟಾಣಿ ಸೂಪಿನ ಬಣ್ಣವಾದರೆ
ಎಳೆದುಕೊಂಡು ಬಾ, ಅತ್ತರೂ ಸರಿ.
ಕಿವಿಯ ಹಿಂದೆ ಉಣ್ಣಿ ಹುಡುಕು ದಿನವೂ,
ಅದು ಅವನಿಗೆ ಮುದ್ದು ಮಾಡಿದಂತೆ.

ಸೆಪ್ಟೆಂಬರಿಗೆ ಕಾಡಿನಲ್ಲಿ ಬಂದೂಕುಗಳು.
ಕಿತ್ತಳೆ ಅಂಗಿ ಹಾಕು ಅವನಿಗೆ.
ನಾಚಿಕೊಳ್ಳುತ್ತಾನೆ. ಪರವಾಗಿಲ್ಲ.
ಅಕ್ಟೋಬರ್‌ ಬಂತೆಂದರೆ ಮತ್ತೆ ಮಿನುಗುಪಟ್ಟಿ.

ನೀನು ಲೆಕ್ಕದಲ್ಲಿ ಜಾಣ, ಕೇಳುತ್ತೀಯ:
ಆರು ವಾರಕ್ಕೆ ಅಕ್ಟೋಬರ್ ಯಾಕೆ?
ಬಿಲ್ಲಿನ ಬೆನ್ನು ಖಾಲಿಯಿತ್ತು, ಅದಕ್ಕೆ.
ಕಾಗದ ದಂಡವಾಗಬಾರದೆಂದು ನಮ್ಮಮ್ಮ ಕಲಿಸಿದ್ದಳು.

ಬಟ್ಟಲು ತುಂಬುವಾಗ ಏನಾದರೂ ಮಾತಾಡು,
ಐಸ್ ಹಾಕಿ, ಶಾಲೆ, ನಿನ್ನ ಮೊಡವೆ, ಏನಾದರೂ.
ನಾನು ಬರುತ್ತೇನೆಂದು ಮಾತ್ರ ದಿನಾ ಹೇಳಬೇಡ,
ಅವರು ಬಾಗಿಲಲ್ಲೇ ಮಲಗಿಬಿಡುತ್ತಾರೆ.
ಅಲ್ಲಿ ಗಾಳಿ ನುಗ್ಗುತ್ತದೆ.

ಬೀಗದ ಕೈ ಎಡ ಬೂಟಿನೊಳಗಿದೆ.
ಬಲಗಡೆಯದರಲ್ಲಿ ಹೀವಾ ಇರಬಹುದು,
ಕಾಲು ಹಾಕುವ ಮುನ್ನ
ಮೂರು ಸಲ ಬಡಿ.